ಕೃತಜ್ಞತೆಯೂ ಋಣವೂ

ಈಚೆಗೆ ನಮ್ಮ ಸಂಘದ ವಾಚನಾಲಯಕ್ಕೆ ಬರುತ್ತಿರುವ ಹೊಸ ಪುಸ್ತಕಗಳಲ್ಲಿ ಒಂದು ಬಗೆಯವು ಹೆಚ್ಚಾಗಿ ಕಾಣುತ್ತಿವೆ. ಸುಖವಾಗಿ ಬಾಳುವುದು ಹೇಗೆ, ಮನಸ್ಸನ್ನು ಆರೋಗ್ಯದಲ್ಲಿಟ್ಟುಕೊಳ್ಳುವುದು ಹೇಗೆ ಎಂಬುದನ್ನು ಉಪದೇಶಿಸತಕ್ಕ ಪುಸ್ತಕಗಳವು. ಅವುಗಳಲ್ಲಿ ಬಹುಮಟ್ಟಿನವು ಒಂದು ಸಾಧನವನ್ನು ತಪ್ಪದೆ ವಿಧಿಸುತ್ತವೆ. ಎಂತೆಂದರೆ, ರಾತ್ರಿ ಮಲಗುವ ಮುನ್ನ ಆ ದಿನ ತನಗೆ ಒದಗಿದ ಒಳಿತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು; ಹೀಗೆ ಕೆಲವು ವಾರ ನಡೆಸಿದರೆ ಮನಸ್ಸು ತಿಳಿಯಾಗುವುದು, ನಿದ್ರೆ ಚೆನ್ನಾಗಿ ಬರುವುದು, ಅಸೂಯೆ ಅಡಗುವುದು. ಇದಕ್ಕೆ ಅವರು ಕೃತಜ್ಞತೆಯ ಅಭ್ಯಾಸವೆಂದು ಹೆಸರಿಟ್ಟಿದ್ದಾರೆ.

ಇದು ಬರಿಯ ಬಾಯಿಮಾತೆಂದು ತಳ್ಳುವಂತಿಲ್ಲ. ರಾಬರ್ಟ್ ಎಮನ್ಸ್, ಮೈಕೇಲ್ ಮೆಕಲೋ ಎಂಬ ಇಬ್ಬರು ಅಮೆರಿಕಾದ ಮನಶ್ಶಾಸ್ತ್ರಜ್ಞರು 2003ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಮೂರು ತಂಡಗಳಾಗಿ ಮಾಡಿ, ಹತ್ತು ವಾರಗಳ ಕಾಲ ವಾರಕ್ಕೊಮ್ಮೆ, ಒಂದು ತಂಡದವರಿಂದ ತಮಗೆ ಒದಗಿದ ಐದರವರೆಗಿನ ಒಳಿತುಗಳನ್ನೂ, ಇನ್ನೊಂದು ತಂಡದವರಿಂದ ತೊಂದರೆಗಳನ್ನೂ, ಮತ್ತೊಂದರಿಂದ ಸುಮ್ಮನೆ ನಡೆದ ಸಂಗತಿಗಳನ್ನೂ ಬರೆಯಿಸಿದರು. ಒಳಿತನ್ನು ಬರೆದವರು ತಮ್ಮ ಬಾಳಿನ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ತೃಪ್ತರಾಗಿದ್ದರೆಂದು ಕಂಡುಬಂದಿತು. ಈ ಪ್ರಯೋಜನವು ಜನ ತಿಳಿದಷ್ಟು ದೊಡ್ಡದಲ್ಲವೆಂದು ಅನಂತರದ ಪರೀಕ್ಷಕರು ಹೇಳಿದುದುಂಟು. ದೊಡ್ಡದೋ ಚಿಕ್ಕದೋ, ಪ್ರಯೋಜನವಿದ್ದರೆ ಒಳ್ಳೆಯದೇ ಆಯಿತು. ನನ್ನ ಆಕ್ಷೇಪವು ಅಲ್ಲಿಲ್ಲ.

ಈ ಪುಸ್ತಕಗಳನ್ನು ಮುಚ್ಚಿಟ್ಟ ಮೇಲೆ ಮನಸ್ಸಿನಲ್ಲಿ ಒಂದು ಕೊರತೆಯು ಉಳಿಯಿತು. ಅವರು ಬರೆಯಿಸುವ ದಿನಚರಿಯಲ್ಲಿ ಪಡೆದವನಿದ್ದಾನೆ, ಪಡೆದ ವಸ್ತುವೂ ಇದೆ. ಕೊಟ್ಟವನು ಇರಲೇಬೇಕೆಂಬ ನಿರ್ಬಂಧವಿಲ್ಲ. 'ಇಂದು ಕಾಫಿ ಚೆನ್ನಾಗಿತ್ತು' ಎಂದು ಬರೆದರೆ ಆ ದಿನದ ಅಭ್ಯಾಸವು ಮುಗಿಯಿತು. ಆ ಕಾಫಿಯನ್ನು ಕಾಸಿದವರು ಬೆಳಗ್ಗೆ ಎಷ್ಟು ಗಂಟೆಗೆ ಎದ್ದರು, ಅವರಿಗೆ ರಾತ್ರಿ ನಿದ್ರೆ ಬಂದಿತ್ತೆ ಎಂಬ ವಿಚಾರ ಅಲ್ಲಿ ಬೇಕಿಲ್ಲ. ಬರೆಯುವವನ ಮನಸ್ಸು ಹಗುರವಾಗುವುದೇ ಫಲ. ಇದನ್ನು ಮನಸ್ಸಿಗೆ ಒಳ್ಳೆಯ ಔಷಧವೆಂದು ನಾನು ಒಪ್ಪುತ್ತೇನೆ. ಕೃತಜ್ಞತೆಯೆಂದು ಕರೆಯಬಹುದೇ ಎಂಬುದೇ ಸಂಶಯ.

ಪಾಠಶಾಲೆಯಲ್ಲಿ ಓದಿದವನಿಗೆ ಪದವನ್ನು ಒಡೆದು ನೋಡುವ ಚಪಲವು ಮುಪ್ಪಿನಲ್ಲಿಯೂ ಬಿಡದು. ವಾಚಕ ಮಹಾಶಯರು ಮನ್ನಿಸಬೇಕು. ಕೃತವನ್ನು, ಎಂದರೆ ಮಾಡಿದುದನ್ನು, ಬಲ್ಲವನು ಕೃತಜ್ಞ. ಇಲ್ಲಿರುವುದು ಜ್ಞಾ ಧಾತು. ಸಂತೋಷಪಡುವುದು, ಹೃದಯ ತುಂಬಿ ಬರುವುದು, ಪ್ರತಿಯಾಗಿ ಕೊಡುವುದು, ಇವು ಯಾವುವೂ ಆ ಪದದೊಳಗೆ ಇಲ್ಲ. ಅದರ ವಿರುದ್ಧ ಪದವನ್ನು ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಬಲ್ಲವನಿಗೆ ಎದುರು ಬಲ್ಲದವನಾಗಬೇಕಾಗಿತ್ತಷ್ಟೆ? ಹಾಗಾಗಲಿಲ್ಲ. ಕೃತವನ್ನು ಕೊಲ್ಲುವವನು, ಕೃತಘ್ನನು, ಅಲ್ಲಿ ನಿಂತಿದ್ದಾನೆ. ಮರೆತವನಿಗೆ ನಮ್ಮ ಹಿರಿಯರು ಇಷ್ಟು ಕ್ರೂರವಾದ ಹೆಸರನ್ನು ಇಡಲಿಲ್ಲ. ಬಲ್ಲನು, ಬಲ್ಲೆನೆಂದೂ ಅರಿತಿದ್ದಾನೆ, ಆದರೂ ಅದು ಆಗಲೇ ಇಲ್ಲವೆಂಬಂತೆ ಅಳಿಸಿಬಿಡುತ್ತಾನೆ, ಅಂತಹವನಿಗೆ ಇಟ್ಟರು. ಉಂಡ ಮನೆಯ ಜಂತೆ ಎಣಿಸುವವನೆಂದು ನಮ್ಮ ಕನ್ನಡದ ಗಾದೆಯು ಹೇಳುವುದು ಇಂತಹವನನ್ನೇ. ಅವನಿಗೆ ಲೆಕ್ಕ ಮಾಡಲು ಬರುವುದಿಲ್ಲವೆಂದಲ್ಲ. ಊಟವನ್ನು ಬಿಟ್ಟು ಜಂತೆಯನ್ನು ಎಣಿಸುತ್ತಾನೆ.

ಈ ಭೇದವನ್ನು ಶ್ರೀಮದ್ರಾಮಾಯಣದಲ್ಲಿ ವಾಲ್ಮೀಕಿಗಳು ಎಷ್ಟು ಸೂಕ್ಷ್ಮವಾಗಿ ಇಟ್ಟಿದ್ದಾರೆಂಬುದನ್ನು ಗಮನಿಸಬೇಕು. ಬಾಲಕಾಂಡದ ಮೊದಲಲ್ಲಿಯೇ ಅವರು ನಾರದರನ್ನು ಪ್ರಶ್ನಿಸುತ್ತ, ತಮಗೆ ಬೇಕಾದ ಪುರುಷನ ಗುಣಗಳನ್ನು ಒಂದೊಂದಾಗಿ ಹೇಳುವರು. ಗುಣವಂತ, ವೀರ್ಯವಂತ, ಧರ್ಮಜ್ಞ, ನಾಲ್ಕನೆಯದೇ ಕೃತಜ್ಞ. ಸತ್ಯವಾಕ್ಯವು ಅದರ ಅನಂತರ ಬರುತ್ತದೆ. ಧರ್ಮವನ್ನು ಬಲ್ಲವನೆಂದೊಡನೆಯೇ ಮಾಡಿದುದನ್ನು ಬಲ್ಲವನೆಂದು ಹೇಳಿರುವ ಕ್ರಮವು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ. ಅಯೋಧ್ಯಾಕಾಂಡದ ಆರಂಭದಲ್ಲಿ ರಾಮನ ಸ್ವಭಾವವನ್ನು ವರ್ಣಿಸುವಾಗ, ಯಾರಾದರೂ ಹೇಗೋ ಒಂದು ಉಪಕಾರವನ್ನು ಮಾಡಿದರೂ ಅವನಿಗೆ ಅದೇ ಸಾಕಾಗುತ್ತಿತ್ತೆಂದೂ, ಅಪಕಾರಗಳು ನೂರಾದರೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲವೆಂದೂ ಕವಿಯು ಹೇಳುತ್ತಾನೆ. ಆರೋಗ್ಯವಂತ ಮನಸ್ಸೆಂದು ಈಗಿನವರು ಹುಡುಕುತ್ತಿರುವುದು ಇದೇ ಇರಬಹುದು. ಆದರೆ ರಾಮನು ಅದನ್ನು ತನ್ನ ಆರೋಗ್ಯಕ್ಕಾಗಿ ಸಾಧಿಸಿದನೆಂದು ಎಲ್ಲಿಯೂ ಹೇಳಿಲ್ಲ.

ಕಿಷ್ಕಿಂಧಾಕಾಂಡಕ್ಕೆ ಬರೋಣ. ಮಳೆಗಾಲವು ಕಳೆದಿದೆ. ರಾಮನಿಂದ ರಾಜ್ಯವನ್ನೂ ಹೆಂಡತಿಯನ್ನೂ ಪಡೆದ ಸುಗ್ರೀವನು ಕೊಟ್ಟ ಮಾತಿನ ಗಡುವನ್ನು ಮೀರಿ ಅಂತಃಪುರದಲ್ಲಿದ್ದಾನೆ. ಲಕ್ಷ್ಮಣನು ಬಿಲ್ಲು ಹಿಡಿದು ಬಂದು ಅವನನ್ನು ನೇರವಾಗಿ ಕೃತಘ್ನನೆಂದು ಬೈಯುತ್ತಾನೆ. ಸುರಾಪಾನಕ್ಕೆ, ಕಳವಿಗೆ, ವ್ರತಭಂಗಕ್ಕೆ ಪ್ರಾಯಶ್ಚಿತ್ತವುಂಟು, ಕೃತಘ್ನನಿಗೆ ಮಾತ್ರ ಇಲ್ಲವೆಂದು ಬ್ರಹ್ಮನೇ ಹೇಳಿದ್ದಾನೆಂದು ಅವನ ವಾದ. ಉಪನ್ಯಾಸಗಳಲ್ಲಿ ಈ ಮಾತನ್ನು ಎಲ್ಲರೂ ಎತ್ತಿ ಹೇಳುವರು. ಅದಕ್ಕೆ ತಾರೆಯು ಕೊಟ್ಟ ಉತ್ತರವನ್ನು ಹೇಳುವವರು ಕಡಮೆ. ಆಕೆಯು ಲಕ್ಷ್ಮಣನ ಧರ್ಮಸೂತ್ರವನ್ನು ಅಲ್ಲಗಳೆಯುವುದಿಲ್ಲ; ಅದು ಈ ಮನುಷ್ಯನಿಗೆ ಸಲ್ಲದೆಂದು ಹೇಳುತ್ತಾಳೆ. ಸುಗ್ರೀವನು ರಾಮನ ಉಪಕಾರವನ್ನು ಮರೆತವನಲ್ಲ. ಬಹುಕಾಲ ದುಃಖಪಟ್ಟವನಿಗೆ ಸುಖವು ದೊರೆತಾಗ ಹೊತ್ತು ಹೋದುದು ತಿಳಿಯಲಿಲ್ಲ. ಘೃತಾಚಿಯ ಸಂಗದಲ್ಲಿ ಹತ್ತು ವರ್ಷವನ್ನು ಒಂದು ದಿನವೆಂದೆಣಿಸಿದ ವಿಶ್ವಾಮಿತ್ರನಂತಹ ಮಹಾಮುನಿಗೇ ಹೀಗಾಗಿರಲು ಕಪಿಯ ಪಾಡೇನು? ರಾಮನಿಗಾಗಿ ಅವನು ರುಮೆಯನ್ನೂ ನನ್ನನ್ನೂ ರಾಜ್ಯವನ್ನೂ ಬಿಡಬಲ್ಲನು ಎಂದು ಆಕೆ ಹೇಳುತ್ತಾಳೆ. ವಾಲಿಯನ್ನು ಕಳೆದುಕೊಂಡ ಹೆಂಗಸು, ಆ ಸಾವಿಗೆ ಕಾರಣರಾದ ಇಬ್ಬರ ನಡುವೆ ನಿಂತು, ಈ ಮಾತನ್ನು ಆಡುತ್ತಿದ್ದಾಳೆಂಬುದನ್ನು ನೆನೆದರೆ ಕವಿಯ ಧೈರ್ಯಕ್ಕೆ ಬೆರಗಾಗಬೇಕು. ಕಾವ್ಯದಲ್ಲಿ ಆ ಘಳಿಗೆಗೆ ವಿಮರ್ಶಕನ ಕೆಲಸವನ್ನು ಮಾಡಿದವಳು ತಾರೆ. ಕೊಂದವನೂ ಮೈಮರೆತವನೂ ಒಂದೇ ಅಲ್ಲವೆಂಬುದನ್ನು ಆಕೆ ಕಂಡಳು. ಕೋಪದಲ್ಲಿದ್ದ ಲಕ್ಷ್ಮಣನಿಗೆ ಅದು ಕಾಣಲಿಲ್ಲ.

ಹಾಗಾದರೆ ಮಾಡಿದುದನ್ನು ಬಲ್ಲವನು ಅನಂತರ ಏನು ಮಾಡತಕ್ಕದ್ದು? ಪಡೆದದ್ದನ್ನು ತೀರಿಸಬೇಕೆಂಬುದು ಸಾಮಾನ್ಯವಾದ ಉತ್ತರ. ಈ ಉತ್ತರದ ಬಲವನ್ನೂ ಅಪಾಯವನ್ನೂ ತೋರಿಸುವುದಕ್ಕೆ ನಮ್ಮ ಸಾಹಿತ್ಯದಲ್ಲಿ ಕರ್ಣನಿಗಿಂತ ದೊಡ್ಡ ಉದಾಹರಣೆ ಇಲ್ಲ.

ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನನ್ನು ರಥದಲ್ಲಿ ಕುಳ್ಳಿರಿಸಿಕೊಂಡು ಅವನ ಹುಟ್ಟನ್ನು ತಿಳಿಸುತ್ತಾನೆ. ಆಗ ಕರ್ಣನು ಕೊಟ್ಟ ಉತ್ತರದಲ್ಲಿ ವ್ಯಾಸರು ಮೊದಲು ಎತ್ತುವ ಸಂಗತಿಯು ಅಂಗರಾಜ್ಯವಲ್ಲ, ರಾಧೆ. ತನ್ನನ್ನು ಕಂಡ ವಾತ್ಸಲ್ಯದಿಂದ ಆಕೆಗೆ ಹಾಲು ಇಳಿದ ಸಂಗತಿಯನ್ನೂ, ಆಕೆಯು ತನ್ನ ಮಲಮೂತ್ರಗಳನ್ನು ಬಾಚಿದುದನ್ನೂ ಅವನು ಹೇಳುತ್ತಾನೆ. ಮಹಾಕಾವ್ಯದ ವೀರನೊಬ್ಬನು, ಸಾಮ್ರಾಜ್ಯವನ್ನೇ ಕೊಡುವೆನೆಂದು ಬಂದವನ ಎದುರಿಗೆ, ಈ ಮಾತನ್ನು ಇಷ್ಟು ಬಿಚ್ಚಿ ಆಡುವನೆಂದರೆ, ಮಾಡಿದುದನ್ನು ಬಲ್ಲವನೆಂಬ ಪದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನವು ಬೇಡ. ಶಿಶುವಾಗಿದ್ದಾಗ ನಡೆದುದು ಅವನ ನೆನಪಿನಲ್ಲಿರಲು ಸಾಧ್ಯವಿಲ್ಲ, ವಿಚಾರಮಾಡಿ ಅರಿತುಕೊಂಡಿದ್ದಾನೆ.

ಒಂದು ಪ್ರಸಂಗವು ಇಲ್ಲಿ ನೆನಪಾಗುತ್ತದೆ. ನಾನು ಉಪಾಧ್ಯಾಯನಾಗಿದ್ದಾಗ ಒಂಬತ್ತನೆಯ ತರಗತಿಯ ಹುಡುಗರಿಗೆ ಉಪಕಾರಸ್ಮರಣೆಯ ಮೇಲೆ ಪ್ರಬಂಧ ಬರೆಯಹೇಳಿದೆನು. ಎಲ್ಲರೂ ತಾಯಿತಂದೆ, ಗುರುಹಿರಿಯರು, ದೇಶಭಕ್ತರು ಎಂದು ಬರೆದು ತಂದರು; ಓದಲು ಬೇಸರವಾಯಿತು. ಮರುದಿನ ಪ್ರಶ್ನೆಯನ್ನು ಬದಲಾಯಿಸಿ, ಈ ದಿನ ಎದ್ದಾಗಿನಿಂದ ಈ ಬೆಂಚಿನ ಮೇಲೆ ಕೂರುವವರೆಗೆ ಯಾರ ಯಾರ ಕೈ ನಿಮಗಾಗಿ ಕೆಲಸ ಮಾಡಿತು, ಏನೇನು ಮಾಡಿತು, ಬರೆಯಿರಿ ಎಂದೆನು. ಘಂಟೆ ಹೊಡೆದಾಗ ಒಬ್ಬ ಹುಡುಗನು ಎದ್ದು ನಿಂತು, "ಸಾರ್, ಇಪ್ಪತ್ತು ಜನ ಆದರು, ನಾನಿನ್ನೂ ಮನೆಯ ಬಾಗಿಲು ದಾಟಿಲ್ಲ" ಎಂದನು. ರಾತ್ರಿಯ ದಿನಚರಿಯನ್ನು ಬರೆಯುವವರು ಹೀಗೆ ಬರೆದು ನೋಡಬಹುದು. ನಿದ್ರೆ ಬೇಗ ಬರುವುದೆಂದು ಮಾತ್ರ ನಾನು ಹೇಳಲಾರೆನು.

ಕರ್ಣನ ವಿಷಯಕ್ಕೆ ಮರಳೋಣ. ರಾಧೆಯ ಅನಂತರ ಅವನು ದುರ್ಯೋಧನನನ್ನು ಹೇಳುತ್ತಾನೆ: ಅವನ ಆಶ್ರಯದಲ್ಲಿ ಹದಿಮೂರು ವರ್ಷ ರಾಜ್ಯವನ್ನು ಅನುಭವಿಸಿದ್ದೇನೆ, ನನ್ನನ್ನು ನೆಚ್ಚಿ ಅವನು ಯುದ್ಧಕ್ಕೆ ಕೈಹಾಕಿದ್ದಾನೆ. ಇಲ್ಲಿ ಮಾತಿನ ಬಣ್ಣವೇ ಬೇರೆಯಾಗುತ್ತದೆ. ವರ್ಷಗಳ ಲೆಕ್ಕ ಬರುತ್ತದೆ, ಉಪಕಾರವು ಋಣವಾಗುತ್ತದೆ. ಮುಂದೆ ಅದೇ ಸಂಭಾಷಣೆಯಲ್ಲಿ, ದುರ್ಯೋಧನನ ಪ್ರೀತಿಗಾಗಿ ತಾನು ಪಾಂಡವರಿಗೆ ಆಡಿದ ಕಟುವಾದ ಮಾತುಗಳಿಗಾಗಿ ಈಗ ಬೇಯುತ್ತಿರುವೆನೆಂದು ಅವನು ಒಪ್ಪಿಕೊಳ್ಳುತ್ತಾನೆ. ಈ ಮಾತಿನ ಮೇಲೆ ನಮ್ಮಲ್ಲಿ ಸಾಕಷ್ಟು ಗಮನ ಬಿದ್ದಿಲ್ಲ. ರಾಧೆಯ ಉಪಕಾರವು ಅವನಿಂದ ಯಾರನ್ನೂ ಬೈಯಿಸಲಿಲ್ಲ. ದುರ್ಯೋಧನನ ಉಪಕಾರವು ಬೈಯಿಸಿತು.

ಪಂಪನು ಕ್ರಿ. ಶ. 941ರ ಸುಮಾರಿಗೆ ವಿಕ್ರಮಾರ್ಜುನವಿಜಯವನ್ನು ಬರೆಯುವಾಗ ಈ ಸನ್ನಿವೇಶವನ್ನು ಕನ್ನಡಕ್ಕೆ ತಂದನು. ತರುವಾಗ ಅದರಲ್ಲಿ ಒಂದು ಮುತ್ತಿನ ಹಾರವನ್ನು ಇಟ್ಟನು. ಭಾನುಮತಿಯೊಡನೆ ನೆತ್ತವಾಡುತ್ತ ಕರ್ಣನು ಪಣಕ್ಕಾಗಿ ಎಳೆದಾಡಲು ಆಕೆಯ ಹಾರವು ಹರಿಯಿತು, ಅದನ್ನು ಕಂಡ ದುರ್ಯೋಧನನು ಸಂಶಯಪಡದೆ ಮುತ್ತುಗಳನ್ನು ಆಯುವ ಮಾತನ್ನಾಡಿದನು ಎಂಬುದು ರೂಢಿಯಲ್ಲಿರುವ ಅರ್ಥ. ಆ ಪದ್ಯದ ಅನ್ವಯದಲ್ಲಿ ವಿದ್ವಾಂಸರಿಗೆ ವಾದವುಂಟು; ಅದರಲ್ಲಿ ನಾನು ತಲೆಹಾಕುವುದಿಲ್ಲ. ರೂಢಿಯ ಅರ್ಥವನ್ನೇ ಹಿಡಿದರೆ, ಪಂಪನ ಕರ್ಣನು ಒಡೆಯನ ಉಪಕಾರಗಳಲ್ಲಿ ಮುಖ್ಯವೆಂದು ಎತ್ತಿಕೊಂಡುದು ಕಿರೀಟವನ್ನಲ್ಲ, ಒಂದು ನಿಮಿಷದ ನಂಬಿಕೆಯನ್ನು. ಇದು ಮಹಾಕವಿಯ ದೃಷ್ಟಿ. ರಾಜ್ಯವನ್ನು ಕೊಟ್ಟುದರಲ್ಲಿ ಕೊಟ್ಟವನ ಪ್ರಯೋಜನವೂ ಸೇರಿತ್ತು. ನೆಲಕ್ಕೆ ಬಿದ್ದ ಮುತ್ತನ್ನು ಆಯುವುದರಲ್ಲಿ ಏನೂ ಸೇರಿರಲಿಲ್ಲ. ಪಂಪನ ಕಥಾನಾಯಕನು ಅರ್ಜುನ. ತನ್ನ ಒಡೆಯನಾದ ಅರಿಕೇಸರಿಯನ್ನು ಅವನು ಅರ್ಜುನನೊಡನೆ ಒಂದುಮಾಡಿದ್ದಾನೆ. ಹೀಗಿದ್ದರೂ ಅವನ ಅತಿ ಪ್ರಸಿದ್ಧವಾದ ಪ್ರಶಂಸೆಯು ಸಂದುದು ಕರ್ಣನಿಗೆ. ರಾಜಾನ್ನವನ್ನು ಉಂಡ ಕವಿಗೆ ಕರ್ಣನ ಮನಸ್ಸು ಒಳಗಿನಿಂದ ತಿಳಿದಿದ್ದಿರಬೇಕು.

ಆ ಕಾಲದ ಕನ್ನಡ ನಾಡಿನಲ್ಲಿ ಈ ಅನ್ನದ ಋಣಕ್ಕೆ ಜೋಳವಾಳಿಯೆಂದು ಹೆಸರಿತ್ತು. ಒಡೆಯನ ಜೋಳವನ್ನು ತಿಂದವನು ಪ್ರಾಣವನ್ನು ಕೊಟ್ಟು ತೀರಿಸಬೇಕು. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯದ ಶಿಲ್ಪವನ್ನು ನೋಡುವ ಸಂಭ್ರಮದಲ್ಲಿ ಅಲ್ಲಿಯ ಗರುಡಗಂಬವನ್ನು ನೋಡದೆ ಬರುವುದುಂಟು. ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ಹೆಂಡತಿಯೊಡನೆಯೂ ತನ್ನ ವೀರರೊಡನೆಯೂ ಪ್ರಾಣವನ್ನೊಪ್ಪಿಸಿದುದನ್ನು ಅದರ ಶಾಸನವು ಹೇಳುತ್ತದೆ. ತಮ್ಮ ತಲೆಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರನ್ನು ಆ ಕಂಬದ ಮೇಲೆ ಕೆತ್ತಿದ್ದಾರೆ. ನಾನು ಅದನ್ನು ಎರಡು ಬಾರಿ ನೋಡಿದ್ದೇನೆ. ಮೊದಲ ಬಾರಿ ರೋಮಾಂಚವಾಯಿತು. ಎರಡನೆಯ ಬಾರಿ, ಆ ಹೆಂಗಸನ್ನು ಯಾರಾದರೂ ಕೇಳಿದ್ದರೇ ಎಂಬ ಯೋಚನೆ ಬಂದಿತು. ಪಡೆದದ್ದನ್ನು ಪಡೆದವನಿಗೇ ಪೂರ್ತಿಯಾಗಿ ತೀರಿಸಬೇಕೆಂಬ ಹಟವು ಕೊನೆಗೆ ಎಲ್ಲಿಗೆ ಒಯ್ಯುವುದೆಂಬುದನ್ನು ಆ ಕಲ್ಲು ತೋರಿಸುತ್ತಿದೆ. ಆದುದರಿಂದ ಕರ್ಣನನ್ನು ಕೃತಜ್ಞತೆಯ ಆದರ್ಶವೆಂದು ಹೊಗಳುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬಲ್ಲವನಾಗಿ ಅವನು ದೊಡ್ಡವನು. ಸಾಲಗಾರನಾಗಿ ಮರುಕಕ್ಕೆ ಪಾತ್ರನು.

ಋಣವೆಂಬುದನ್ನು ವೇದವೇ ಹೇಳಿಲ್ಲವೆ ಎಂದು ಕೇಳುವವರಿರಬಹುದು. ಹೇಳಿದೆ. ದೇವ, ಋಷಿ, ಪಿತೃ ಎಂಬ ಮೂರು ಋಣಗಳು ತೈತ್ತಿರೀಯ ಸಂಹಿತೆಯಲ್ಲಿವೆ. ಶತಪಥ ಬ್ರಾಹ್ಮಣವು ಮನುಷ್ಯಋಣವೆಂಬ ನಾಲ್ಕನೆಯದನ್ನೂ ಸೇರಿಸುತ್ತದೆ. ಆದರೆ ಇವನ್ನು ತೀರಿಸುವ ಬಗೆಯನ್ನು ನೋಡಿರಿ. ಋಷಿಗಳ ಋಣವು ಋಷಿಗಳಿಗೆ ದಕ್ಷಿಣೆ ಕೊಡುವುದರಿಂದ ತೀರುವುದಿಲ್ಲ, ಓದುವುದರಿಂದ ತೀರುತ್ತದೆ. ಪಿತೃಗಳದು ಮಕ್ಕಳನ್ನು ಪಡೆಯುವುದರಿಂದ, ಮನುಷ್ಯರದು ಬಂದವರಿಗೆ ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ. ಕೊಟ್ಟವನ ಕಡೆಗೆ ಅದು ತಿರುಗಲೇಬೇಕೆಂದಿಲ್ಲ. ಮುಂದಿನವನ ಕಡೆಗೆ ಹರಿಯುತ್ತದೆ.

ರಾಮನಲ್ಲಿ ಕಾಣುವುದು ಇವೆರಡಕ್ಕಿಂತಲೂ ಬೇರೆಯಾದುದು. ಯುದ್ಧಕಾಂಡದ ಮೊದಲ ಸರ್ಗದಲ್ಲಿ ಸೀತೆಯ ವಾರ್ತೆಯನ್ನು ತಂದ ಹನುಮಂತನಿಗೆ ತಾನು ಕೊಡಲು ಸರಿಸಮವಾದುದು ಏನೂ ಇಲ್ಲವಲ್ಲಾ ಎಂದು ರಾಮನು ಕೊರಗುತ್ತಾನೆ. ಆ ಹೊತ್ತಿಗೆ ತನ್ನ ಸರ್ವಸ್ವವೂ ಇದೇ ಎಂದು ಅವನನ್ನು ಆಲಿಂಗಿಸುತ್ತಾನೆ. ಆಗ ವನವಾಸಿ, ಕೈಯಲ್ಲಿ ಏನೂ ಇರಲಿಲ್ಲವೆನ್ನೋಣ. ಪಟ್ಟಾಭಿಷೇಕವಾದ ಮೇಲೆ, ಕೊಡಲು ಕೋಸಲದ ಬೊಕ್ಕಸವೇ ಇರುವಾಗ, ಉತ್ತರಕಾಂಡದಲ್ಲಿ ಹನುಮಂತನನ್ನು ಬೀಳ್ಕೊಡುತ್ತ ಅವನು ಇನ್ನೂ ವಿಚಿತ್ರವಾದ ಮಾತನ್ನಾಡುತ್ತಾನೆ. ನೀನು ಮಾಡಿದ ಉಪಕಾರವು ನನ್ನಲ್ಲಿಯೇ ಜೀರ್ಣವಾಗಿ ಹೋಗಲಿ. ಪ್ರತ್ಯುಪಕಾರಕ್ಕೆ ಮನುಷ್ಯನು ಪಾತ್ರನಾಗುವುದು ಆಪತ್ತು ಬಂದಾಗಲಷ್ಟೆ, ಎಂಬುದು ಅದರ ಭಾವ. ತೀರಿಸಬೇಕೆಂದು ಬಯಸುವವನು, ತನಗೆ ಉಪಕಾರಮಾಡಿದವನಿಗೆ ಕಷ್ಟ ಬರಲೆಂದು ಬಯಸಿದಂತೆಯೇ ಆಯಿತು. ಉತ್ತರಕಾಂಡವು ಅನಂತರ ಸೇರಿದುದೆಂದು ಪಂಡಿತರು ಹೇಳುವುದನ್ನು ನಾನು ಬಲ್ಲೆನು. ಯಾರು ಸೇರಿಸಿದರೂ ಸರಿಯೆ, ಅವರು ಮನುಷ್ಯನ ಮನಸ್ಸಿನ ಒಂದು ಕತ್ತಲೆಯ ಮೂಲೆಯೊಳಕ್ಕೆ ದೀಪ ಹಿಡಿದವರು.

ಈ ಶ್ಲೋಕವನ್ನು ನಾನು ಇಪ್ಪತ್ತು ವರ್ಷ ಪಾಠ ಹೇಳಿದೆನು, ಅರ್ಥವಾಗಿರಲಿಲ್ಲ. ಅರ್ಥವಾದ ಬಗೆಯನ್ನು ಹೇಳುವುದಕ್ಕೆ ನಾಚಿಕೆಯಾದರೂ ಹೇಳಬೇಕಾಗಿದೆ. 1970ರ ಆಚೀಚೆಗೆ, ಹನ್ನೊಂದು ವರ್ಷದ ಹುಡುಗನಾಗಿ, ನಾನು ಒಂದು ಪಾಠಶಾಲೆಗೆ ಸೇರಿದಾಗ ಏಳು ಮನೆಗಳಲ್ಲಿ ವಾರಾನ್ನವಾಗಿತ್ತು. ಬುಧವಾರದ ಮನೆಯ ತಾಯಿಗೆ ನಾಲ್ವರು ಮಕ್ಕಳು, ಮನೆಯಲ್ಲಿ ಅನುಕೂಲವಿರಲಿಲ್ಲ. ನನ್ನನ್ನು ಆ ಮಕ್ಕಳ ಸಾಲಿನಲ್ಲಿಯೇ ಕೂರಿಸಿ, ಅವರಿಗೆ ಬಡಿಸಿದಷ್ಟನ್ನೇ ಬಡಿಸುವರು. ಹೆಚ್ಚಾಗಿ ಬಡಿಸಿದ್ದರೆ ಅತಿಥಿಯಾಗುತ್ತಿದ್ದೆ, ಕಡಮೆಯಾಗಿ ಬಡಿಸಿದ್ದರೆ ಭಿಕ್ಷುಕನಾಗುತ್ತಿದ್ದೆ. ನನಗೆ ಸಂಬಳ ಬಂದ ಮೇಲೆ ಏನಾದರೂ ಕೊಡಹೋದರೆ ಅವರು ತೆಗೆದುಕೊಳ್ಳಲಿಲ್ಲ. ಬಹಳ ವರ್ಷಗಳ ಅನಂತರ ಒಂದು ದಿನ, ಅವರ ಹಿರಿಯ ಮಗನ ವ್ಯಾಪಾರವು ಮುರಿದು ಮನೆಯು ಅಡವಿಗೆ ಹೋಗಿದೆಯೆಂದು ಸುದ್ದಿ ಬಂದಿತು. ಆ ಸುದ್ದಿಯನ್ನು ಕೇಳಿದ ಕ್ಷಣದಲ್ಲಿ, ವ್ಯಸನವು ಬರುವುದಕ್ಕೆ ಮುನ್ನ, ನನ್ನೊಳಗೆ ಏನೋ ಹಿಗ್ಗಿತು. ಅಂತೂ ತೀರಿಸುವ ಕಾಲ ಬಂದಿತು ಎಂದುಕೊಂಡೆನು. ಹಣವನ್ನು ಕಟ್ಟಿಕೊಂಡು ಮರುದಿನವೇ ಬಸ್ಸು ಹತ್ತಿದೆನು. ಅರ್ಧದಾರಿಯಲ್ಲಿ ಆ ಶ್ಲೋಕವು ನೆನಪಿಗೆ ಬಂದು, ಇಳಿದು ಹಿಂತಿರುಗಿಬಿಡೋಣವೆನ್ನಿಸಿತು.

ಹಿಂತಿರುಗಲಿಲ್ಲ. ಹಣವನ್ನು ಹೊರಗೆ ಜಗಲಿಯಲ್ಲಿ ಮಗನ ಕೈಗೆ ಸಾಲವೆಂದೇ ಕೊಟ್ಟೆನು. ಅವನು ಎರಡು ವರ್ಷದಲ್ಲಿ ತೀರಿಸಿದನು. ಆ ಲೆಕ್ಕವು ಅಲ್ಲಿಗೆ ಮುಗಿಯಿತು. ಒಳಗೆ ಹೋಗಿ ನಮಸ್ಕಾರಮಾಡಿ, ವಾರಾನ್ನದ ಮಾತನ್ನು ಎತ್ತಿ ಏನೋ ಹೇಳಹೊರಟೆನು. ಆ ತಾಯಿಗೆ ಎಪ್ಪತ್ತು ದಾಟಿತ್ತು. ಎಷ್ಟು ವರ್ಷ ಬಂದೆ, ಯಾವ ವಾರ ಬರುತ್ತಿದ್ದೆ ಎಂಬುದು ಅವರ ನೆನಪಿನಲ್ಲಿರಲಿಲ್ಲ. ನನ್ನ ಮಾತನ್ನು ಅರ್ಧಕ್ಕೇ ತಡೆದು, "ಕೈಕಾಲು ತೊಳೆದುಕೊಂಡು ಬಾ ಮಗು, ಎಲೆ ಹಾಕಿದೆ. ಈಗಲಾದರೂ ಹಾಗಲಕಾಯಿ ತಿನ್ನುತ್ತೀಯೋ, ಇನ್ನೂ ಎಲೆಯ ತುದಿಗೇ ಸರಿಸುತ್ತೀಯೋ?" ಎಂದರು. ಅಂದು ಹಾಗಲಕಾಯಿಯ ಗೊಜ್ಜನ್ನು ಎರಡು ಸಲ ಬಡಿಸಿಕೊಂಡು ಉಂಡೆನು.